ಕಪ್ ದೊಡ್ಡದೋ, ಗೆಲುವಿನ ಲೆಕ್ಕ ದೊಡ್ಡದೋ?

2024ರ ಮಳೆಗಾಲದ ಒಂದು ಸಂಜೆ. ಕುಷ್ಟಗಿಯಿಂದ ಬಂದ ಬಸ್ ಇಳಿದು ಮನೆಗೆ ಬಂದ ಮೊಮ್ಮಗ ಯಾರನ್ನೂ ಮಾತಾಡಿಸದೆ ಪಡಸಾಲೆಯ ಮೂಲೆ ಹಿಡಿದು ಕುಳಿತುಬಿಟ್ಟ. ಅವನ ಶಾಲೆಯ ಕಬಡ್ಡಿ ತಂಡ ವಲಯ ಮಟ್ಟದ ಮೂರೂ ಪಂದ್ಯ ಗೆದ್ದು ತಾಲೂಕು ಮಟ್ಟಕ್ಕೆ ಹೋಗಿತ್ತು. ಅಲ್ಲಿ ಮತ್ತೆರಡು ಗೆದ್ದಿತು. ಫೈನಲ್‌ನಲ್ಲಿ ಒಂದೇ ಒಂದು ಪಾಯಿಂಟಿನಿಂದ ಸೋತಿತು. ಜಿಲ್ಲೆಗೆ ಹೋಗುವುದು ಒಂದೇ ತಂಡ. ಇವರು ವಾಪಸ್ ತಾವರಗೇರಾಕ್ಕೆ.

“ಎಷ್ಟು ಮ್ಯಾಚ್ ಆಡಿದ್ರಿ?” ಎಂದು ಕೇಳಿದೆ.

“ಆರು.”

“ಎಷ್ಟು ಗೆದ್ರಿ?”

“ಐದು.”

“ಮತ್ತ ಮುಖ ಯಾಕ ಇಷ್ಟ ಸಣ್ಣದು ಮಾಡೀಯಲೇ?”

ಅವನು ತಲೆ ಎತ್ತಲಿಲ್ಲ. “ಬಸ್ಸಿನ್ಯಾಗ ಎಲ್ಲಾರೂ ನಮಗ ಆರ್‌ಸಿಬಿ, ಆರ್‌ಸಿಬಿ ಅಂದ್ರು ಅಜ್ಜಾ.”

ಅವನ ಮಂಚದ ಮೇಲಿನ ಗೋಡೆಗೆ ಅಂಟಿಸಿದ್ದು ಆರ್‌ಸಿಬಿ ತಂಡದ ಚಿತ್ರವೇ. ತನ್ನ ಪ್ರೀತಿಯ ತಂಡದ ಹೆಸರೇ ತನಗೆ ಬೈಗುಳವಾಗಿ ಬಂದರೆ ಹುಡುಗ ಏನು ಮಾಡಬೇಕು? ಮರುದಿನದಿಂದ ಅವನು ಸಂಜೆಯ ಕಬಡ್ಡಿಗೆ ಹೋಗುವುದನ್ನು ಬಿಟ್ಟ. ಕೇಳಿದರೆ ಮನೆಗೆಲಸ ಜಾಸ್ತಿ ಐತಿ ಅನ್ನುತ್ತಿದ್ದ. ಮನೆಗೆಲಸದ ಮೇಲೆ ಅವನಿಗೆ ಅಷ್ಟು ಪ್ರೀತಿ ಹಿಂದೆಂದೂ ಇದ್ದಿಲ್ಲ.

ಆಗ ನನಗೆ ಈ ಪ್ರಶ್ನೆ ತಲೆಗೆ ಹೊಕ್ಕಿತು. ಒಂದು ತಂಡ ಒಳ್ಳೆಯದೋ ಅಲ್ಲವೋ ಎಂದು ಅಳೆಯಬೇಕಾದರೆ ಎಷ್ಟು ಪಂದ್ಯ ಗೆದ್ದಿತು ಎಂದು ನೋಡಬೇಕೋ, ಎಷ್ಟು ಕಪ್ ಗೆದ್ದಿತು ಎಂದು ನೋಡಬೇಕೋ? ಚಹಾದಂಗಡಿಯಲ್ಲಿ ಇದನ್ನು ಕೇಳಿ ನೋಡಿ, ಹತ್ತಕ್ಕೆ ಒಂಬತ್ತು ಜನ ಕಪ್ ಅನ್ನುತ್ತಾರೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸವೆದವನು. ಲೆಜರ್ ನೋಡದೆ ಯಾರ ಮಾತನ್ನೂ ನಂಬುವ ಅಭ್ಯಾಸವಿಲ್ಲ.

ಮೊದಲು ಆರ್‌ಸಿಬಿಯ ಲೆಜರ್ ತೆಗೆಯೋಣ. 2008ರಿಂದ 2024ರವರೆಗೆ 17 ಐಪಿಎಲ್ ಟೂರ್ನಿ ಆಡಿ ಒಂದೂ ಕಪ್ ಇಲ್ಲ. ಮೂರು ಸಲ ಫೈನಲ್ ತಲುಪಿತ್ತು. 2009ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಡೆಕ್ಕನ್ ಚಾರ್ಜರ್ಸ್ ಹೊಡೆದದ್ದು 143, ನಮ್ಮವರು 137. ಆರು ರನ್ ಸೋಲು. ಆ ದಿನ ನಾಯಕ ಅನಿಲ್ ಕುಂಬ್ಳೆ ಬರೀ 16 ರನ್ ಕೊಟ್ಟು ನಾಲ್ಕು ವಿಕೆಟ್ ಕಿತ್ತಿದ್ದರು. ಪಂದ್ಯಶ್ರೇಷ್ಠ ಪ್ರಶಸ್ತಿ ಸೋತ ತಂಡದ ನಾಯಕನಿಗೇ ಹೋಯಿತು. 2011ರಲ್ಲಿ ಲೀಗ್ ಪಟ್ಟಿಯಲ್ಲಿ ನಾವೇ ಮೊದಲಿಗರು, 19 ಪಾಯಿಂಟ್. ಫೈನಲ್‌ನಲ್ಲಿ ಚೆನ್ನೈ ಎದುರು 58 ರನ್ ಸೋಲು. 2016ರಲ್ಲಿ ವಿರಾಟ್ ಕೊಹ್ಲಿ ಒಂದೇ ಟೂರ್ನಿಯಲ್ಲಿ 973 ರನ್ ಹೊಡೆದರು. ಫೈನಲ್ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ. ಸನ್‌ರೈಸರ್ಸ್ ಹೈದರಾಬಾದ್‌ನ 208ಕ್ಕೆ ಉತ್ತರವಾಗಿ ಗೇಲ್ ಮತ್ತು ಕೊಹ್ಲಿ ವಿಕೆಟ್ ಬೀಳದಂತೆ 114 ಸೇರಿಸಿಕೊಟ್ಟರು. ಆಮೇಲೂ ಎಂಟು ರನ್ ಕಡಿಮೆ ಬಿತ್ತು.

ಈಗ 2009ರಲ್ಲಿ ಗೆದ್ದ ಡೆಕ್ಕನ್ ಚಾರ್ಜರ್ಸ್‌ನ ಪುಟ ತೆರೆಯಿರಿ. 2008ರಲ್ಲಿ ಆಡಿದ 14 ಪಂದ್ಯಗಳಲ್ಲಿ ಎರಡೇ ಗೆಲುವು, ಎಲ್ಲರಿಗಿಂತ ಕೊನೆ. 2009ರ ಲೀಗ್‌ನಲ್ಲಿ ಏಳು ಗೆದ್ದು ನಾಲ್ಕನೇ ಸ್ಥಾನ. ಆ ವರ್ಷ ಹತ್ತು ಪಂದ್ಯ ಗೆದ್ದು ಪಟ್ಟಿಯ ತುದಿಯಲ್ಲಿ ಕುಳಿತದ್ದು ದೆಹಲಿ. ಸೆಮಿಫೈನಲ್‌ನಲ್ಲಿ ಗಿಲ್‌ಕ್ರಿಸ್ಟ್ ಒಬ್ಬರೇ 85 ಹೊಡೆದು ದೆಹಲಿಯನ್ನು ಮನೆಗೆ ಕಳಿಸಿದರು. 2012ರ ನಂತರ ಡೆಕ್ಕನ್ ಚಾರ್ಜರ್ಸ್ ಎಂಬ ತಂಡವೇ ಇಲ್ಲ. ಆದರೂ ಎಷ್ಟೋ ವರ್ಷ “ಅವರ ಹತ್ರ ಕಪ್ ಇತ್ತು, ನಿಮ್ಮ ಹತ್ರ ಏನೈತಿ?” ಎಂದರೆ ನಮ್ಮ ಹುಡುಗರ ಬಳಿ ಉತ್ತರವಿರಲಿಲ್ಲ.

ಮೊಮ್ಮಗನಿಗೆ ನಾನು ಕ್ರಿಕೆಟ್ ಬಿಟ್ಟು ಬ್ಯಾಂಕಿನ ಲೆಕ್ಕ ಹೇಳಿದೆ. ನಿಮಗೂ ಹೇಳುತ್ತೇನೆ, ಸ್ವಲ್ಪ ತಾಳಿಕೊಳ್ಳಿ.

ಉಳಿತಾಯ ಖಾತೆಗೆ ಬಡ್ಡಿ ಹಾಕಲು ಹಿಂದೆ ಒಂದು ನಿಯಮವಿತ್ತು. ತಿಂಗಳ 10ನೇ ತಾರೀಕಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟು ಹಣ ಇತ್ತೋ, ಅಷ್ಟಕ್ಕೆ ಮಾತ್ರ ಆ ತಿಂಗಳ ಬಡ್ಡಿ. ಒಬ್ಬ ರೈತ ಜೂನ್ ತಿಂಗಳಲ್ಲಿ 20,000 ರೂಪಾಯಿ ಇಟ್ಟಿದ್ದಾನೆ ಅನ್ನಿ. 26ನೇ ತಾರೀಕು ಬೀಜ, ಗೊಬ್ಬರಕ್ಕೆಂದು 19,500 ತೆಗೆದ. ಉಳಿದದ್ದು 500. ಇಪ್ಪತ್ತೈದು ದಿನ 20,000 ಇದ್ದದ್ದು ಲೆಕ್ಕಕ್ಕೇ ಇಲ್ಲ! ಶೇಕಡಾ ಮೂರೂವರೆ ಬಡ್ಡಿಯಂತೆ ಅವನಿಗೆ ಆ ತಿಂಗಳು ಸಿಕ್ಕಿದ್ದು ಸುಮಾರು ಒಂದೂವರೆ ರೂಪಾಯಿ. “ಸಾಹೇಬ್ರ, ತಿಂಗಳೆಲ್ಲಾ ರೊಕ್ಕ ನಿಮ್ಮ ಹತ್ರಾನ ಇತ್ತಲ್ರಿ” ಎಂದು ಕೌಂಟರಿನ ಆಚೆ ನಿಂತು ಕೇಳುತ್ತಿದ್ದರು. ನಿಯಮ ಅಂದರೆ ನಿಯಮ ಎಂದು ನಾನು ಪಾಸ್‌ಬುಕ್ ಮರಳಿಸುತ್ತಿದ್ದೆ. ಹೇಳುವಾಗ ಒಳಗೊಳಗೇ ನಾಚಿಕೆಯಾಗುತ್ತಿತ್ತು.

ರಿಸರ್ವ್ ಬ್ಯಾಂಕು ಇದನ್ನು ಬದಲಿಸಿತು. 2010ರ ಏಪ್ರಿಲ್ 1ರಿಂದ ಪ್ರತಿದಿನದ ಬಾಕಿಯ ಮೇಲೆ ಬಡ್ಡಿ ಲೆಕ್ಕ. ಅದೇ ರೈತನಿಗೆ ಅದೇ ತಿಂಗಳಿಗೆ ಈಗ 48 ರೂಪಾಯಿ. ಹಣ ಅಷ್ಟೇ, ಖಾತೆ ಅದೇ. ಅಳೆಯುವ ರೀತಿ ಮಾತ್ರ ಬೇರೆ.

“ಫೈನಲ್ ಅಂದ್ರ ಆ ಹಳೇ ನಿಯಮ ನೋಡು ತಮ್ಮಾ. ಒಂದು ಕೆಟ್ಟ ದಿನ ಇಪ್ಪತ್ತೈದು ಒಳ್ಳೇ ದಿನಾನ ನುಂಗಿಬಿಡ್ತೈತಿ. ನಿಮ್ಮ ಐದು ಗೆಲುವು ಎಲ್ಲೂ ಹೋಗಿಲ್ಲ” ಎಂದೆ.

ಹುಡುಗನ ಮುಖ ಸ್ವಲ್ಪ ಅರಳಿತು. ಆದರೆ ಒಳಗೆ ಊಟ ಮಾಡುತ್ತಿದ್ದ ನನ್ನ ಮಗ ಸುಮ್ಮನಿರಬೇಕಲ್ಲ! “ಅಪ್ಪಾ, ಚೆಕ್ ಬಂದ ದಿನ ಖಾತೆದಾಗ ರೊಕ್ಕ ಇರಲಿಲ್ಲಂದ್ರ ಏನ್ ಮಾಡ್ತಿದ್ರಿ? ವರ್ಷದ ಸರಾಸರಿ ನೋಡಿ ಪಾಸ್ ಮಾಡ್ತಿದ್ರೇನು?”

ಚಿಕ್ಕಂದಿನಿಂದ ನನ್ನ ಬ್ಯಾಂಕಿನ ಪುರಾಣ ಕೇಳಿ ಬೆಳೆದವನು, ನನ್ನ ಕೋಲಿನಿಂದ ನನಗೇ ಹೊಡೆದ. ಹೌದು, ಚೆಕ್ ಬಂದ ದಿನ ಹಣ ಇರಲೇಬೇಕು. ಫೈನಲ್ ಎಂಬ ಚೆಕ್ ಯಾವ ದಿನ ಬರುತ್ತದೆ ಎಂಬುದು ಎಲ್ಲ ತಂಡಗಳಿಗೂ ಮೊದಲೇ ಗೊತ್ತಿರುತ್ತದೆ. ಆ ದಿನಕ್ಕೆ ಶಕ್ತಿ ಉಳಿಸಿಕೊಳ್ಳುವುದು, ಕೈ ನಡುಗದಂತೆ ಆಡುವುದು, ಇದೂ ಆಟದ ಒಂದು ಭಾಗವೇ. ಇದನ್ನು ನಾನು ಒಪ್ಪದೆ ಬೇರೆ ದಾರಿಯಿರಲಿಲ್ಲ.

ಆ ರಾತ್ರಿ ನಿದ್ದೆ ಬರದೆ ನನ್ನದೇ ಹಳೆಯ ನೆನಪು ಕೆದಕಿದೆ. 1974ರ ಮಾತು. ನಾನಾಗ ಬಿ.ಕಾಂ. ಓದುತ್ತಿದ್ದೆ. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ಇನ್ನೂ ಆರು ತಿಂಗಳಾಗಿರಲಿಲ್ಲ. ರಣಜಿ ಟ್ರೋಫಿಯನ್ನು 1958-59ರಿಂದ ಸತತ 15 ವರ್ಷ ಬೊಂಬಾಯಿ ತಂಡ ಗೆದ್ದಿತ್ತು. ಬೇರೆಯವರು ಎರಡನೇ ಸ್ಥಾನಕ್ಕಾಗಿ ಆಡುವುದು ಎಂದೇ ಆಗಿಹೋಗಿತ್ತು. ಬೆಂಗಳೂರಿನ ಸೆಮಿಫೈನಲ್‌ನಲ್ಲಿ ವಿಶ್ವನಾಥ್, ಬ್ರಿಜೇಶ್ ಪಟೇಲ್ ಶತಕ ಹೊಡೆದರು. ಪ್ರಸನ್ನ ಅವರ ಚೆಂಡಿಗೆ ಗಾವಸ್ಕರ್ ಬೌಲ್ಡ್ ಆದರು. ಅಜಿತ್ ವಾಡೇಕರ್ ಓಡುವಾಗ ಜಾರಿ ರನೌಟ್ ಆದರು. ಪಂದ್ಯ ಪೂರ್ತಿ ಮುಗಿಯದಿದ್ದರೂ ಮೊದಲ ಇನಿಂಗ್ಸಿನ ಮುನ್ನಡೆಯ ಮೇಲೆ ಕರ್ನಾಟಕ ಗೆದ್ದಿತು. ಜೈಪುರದ ಫೈನಲ್‌ನಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ರಣಜಿ ನಮ್ಮದಾಯಿತು. ಹಾಸ್ಟೆಲ್ಲಿನಲ್ಲಿ ನಾವು ಕುಣಿದದ್ದು ನೋಡಿ ವಾರ್ಡನ್ ದೀಪ ಆರಿಸಿ ಹೋದರು.

ಮುಂದಿನ ವರ್ಷ? ಮತ್ತೆ ಬೊಂಬಾಯಿ. ಅದೂ ಫೈನಲ್‌ನಲ್ಲಿ ನಮ್ಮನ್ನೇ ಸೋಲಿಸಿ. ಅದರ ಮುಂದಿನ ಎರಡು ವರ್ಷವೂ ಬೊಂಬಾಯಿಯೇ. ದಿನದ ಬಾಕಿಯ ಲೆಕ್ಕ ಹಾಕಿದರೆ ಆ ಕಾಲದಲ್ಲಿ ಬೊಂಬಾಯಿ ನಮಗಿಂತ ದೊಡ್ಡ ತಂಡ, ಅನುಮಾನವೇ ಇಲ್ಲ. ಹಾಗೆಂದು 1974ರ ಕಪ್ ತಿರುಗಿ ಕೊಡುತ್ತೀಯಾ ಎಂದು ಯಾರಾದರೂ ಕೇಳಿದರೆ? ಕೊಡುವುದಿಲ್ಲ. ಪ್ರಾಣ ಹೋದರೂ ಕೊಡುವುದಿಲ್ಲ! ಲೆಕ್ಕ ಕಲಿಸಲು ಹೊರಟ ಅಜ್ಜನ ಲೆಕ್ಕ ಇಲ್ಲಿ ತಪ್ಪುತ್ತದೆ ನೋಡಿ.

ರಣಜಿ ನಮಗೆ ಕಹಿಯನ್ನೂ ಉಣಿಸಿದೆ. 1982ರ ಮಾರ್ಚ್‌ನಲ್ಲಿ ದೆಹಲಿಯ ಕೋಟ್ಲಾ ಮೈದಾನದ ಫೈನಲ್‌ನಲ್ಲಿ ಕರ್ನಾಟಕ 705 ರನ್ ಹೊಡೆಯಿತು. 705! ಅಷ್ಟು ಹೊಡೆದವರು ಸೋಲುವುದುಂಟೇ? ದೆಹಲಿ ಎಂಟು ವಿಕೆಟಿಗೆ 707 ಹೊಡೆದು ಮುನ್ನಡೆಯ ಮೇಲೆ ಟ್ರೋಫಿ ಒಯ್ದಿತು. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಮುಂಬೈ ಕೊಟ್ಟ 338ರ ಗುರಿಗೆ ಮನೀಶ್ ಪಾಂಡೆ 144 ಹೊಡೆದರೂ ನಾವು 331ಕ್ಕೆ ನಿಂತೆವು. ಮತ್ತೆ ಆರು ರನ್. ಒಂದು ಸಿಕ್ಸರ್ ದೂರ.

ಮೊನ್ನೆ ಮೊನ್ನೆ, 2025ರ ಫೆಬ್ರವರಿಯಲ್ಲಿ, ರಣಜಿ ಸೆಮಿಫೈನಲ್‌ನಲ್ಲಿ ಕೇರಳದ 457ಕ್ಕೆ ಗುಜರಾತ್ 455ರಲ್ಲಿತ್ತು. ಗುಜರಾತಿನ ಕೊನೆಯ ಜೋಡಿ ಹೊಡೆದ ಚೆಂಡು ಹತ್ತಿರ ನಿಂತಿದ್ದ ಫೀಲ್ಡರನ ಹೆಲ್ಮೆಟ್ಟಿಗೆ ಬಡಿದು, ಮೇಲೆ ಹಾರಿ, ಸ್ಲಿಪ್‌ನಲ್ಲಿದ್ದವನ ಕೈಗೆ ಬಿತ್ತು. ಔಟ್! ಎರಡು ರನ್ ಮುನ್ನಡೆಯಲ್ಲಿ ಕೇರಳ ಮೊದಲ ಸಲ ಫೈನಲ್ ಮುಟ್ಟಿತು. ಆ ಹೆಲ್ಮೆಟ್ ನಾಲ್ಕು ಬೆರಳು ಆಚೆ ಇದ್ದಿದ್ದರೆ? ಕೇರಳದ ಹುಡುಗರು ಕೆಟ್ಟ ಆಟಗಾರರಾಗಿಬಿಡುತ್ತಿದ್ದರೇ?

ಫುಟ್‌ಬಾಲ್‌ನವರು ಈ ಜಗಳಕ್ಕೆ ಒಂದು ಉಪಾಯ ಕಂಡುಕೊಂಡಿದ್ದಾರೆ. 2017-18ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಬೆಂಗಳೂರು ಎಫ್‌ಸಿ 18 ಪಂದ್ಯಗಳಲ್ಲಿ 13 ಗೆದ್ದು 40 ಪಾಯಿಂಟ್ ಗಳಿಸಿತು. ಎರಡನೇ ಸ್ಥಾನದ ಚೆನ್ನೈಯಿನ್ ಎಫ್‌ಸಿಗೆ 32. ಆದರೆ ಕಂಠೀರವದಲ್ಲಿ ನಡೆದ ಫೈನಲ್‌ನಲ್ಲಿ ಚೆನ್ನೈಯಿನ್ 3-2ರಿಂದ ಗೆದ್ದು ಚಾಂಪಿಯನ್ ಆಯಿತು. ಎಂಟು ಪಾಯಿಂಟ್ ಮುಂದಿದ್ದವರಿಗೆ ಕೈಯಲ್ಲಿ ಏನೂ ಇಲ್ಲ. ಮರುವರ್ಷ ಬೆಂಗಳೂರು ಫೈನಲ್ಲನ್ನೂ ಗೆದ್ದಿತು ಅನ್ನುವುದು ಬೇರೆ ಮಾತು. 2019-20ರಿಂದ ಲೀಗ್ ಪಟ್ಟಿಯಲ್ಲಿ ಮೊದಲು ಬಂದವರಿಗೆಂದೇ ಬೇರೆ ಶೀಲ್ಡ್ ಕೊಡಲು ಶುರು ಮಾಡಿದರು. ಮೊದಲ ಶೀಲ್ಡ್ ಗೋವಾ ತಂಡಕ್ಕೆ. ನನ್ನ ಕೇಳಿದರೆ ಇದು ಒಳ್ಳೆಯ ಏರ್ಪಾಡು. ಎರಡು ಬೇರೆ ಬೇರೆ ಗುಣಗಳಿಗೆ ಎರಡು ಬೇರೆ ಖಾತೆ. ತಿಂಗಳುಗಟ್ಟಲೆ ಗೆಲ್ಲುತ್ತಲೇ ಇರುವುದು ಒಂದು ಗುಣ, ಕರೆ ಬಂದ ದಿನ ಎದ್ದು ನಿಲ್ಲುವುದು ಇನ್ನೊಂದು. ಒಂದನ್ನು ಇನ್ನೊಂದರ ಖಾತೆಗೆ ಬರೆದರೆ ಸಂಜೆ ಲೆಕ್ಕ ತಾಳೆಯಾಗುವುದಿಲ್ಲ.

2023ರ ವಿಶ್ವಕಪ್ ನೆನಪಿದೆಯಲ್ಲ? ರಾಹುಲ್ ದ್ರಾವಿಡ್ ತರಬೇತಿಯ ಭಾರತ ಲೀಗ್‌ನ ಒಂಬತ್ತು, ಸೆಮಿಫೈನಲ್ ಒಂದು, ಒಟ್ಟು ಹತ್ತಕ್ಕೆ ಹತ್ತು ಗೆದ್ದಿತು. ಆಸ್ಟ್ರೇಲಿಯಾ ಮೊದಲ ಎರಡು ಪಂದ್ಯವನ್ನೇ ಸೋತಿತ್ತು. ನವೆಂಬರ್ 19ರಂದು ಅಹಮದಾಬಾದ್‌ನಲ್ಲಿ ಆರು ವಿಕೆಟ್‌ಗಳಿಂದ ಗೆದ್ದದ್ದು ಆಸ್ಟ್ರೇಲಿಯಾ. ಮರುದಿನ ಊರಿನಲ್ಲಿ ಸಾವಿನ ಮನೆಯ ಕಳೆ. ಹಳಬರ ಆಟದಲ್ಲೂ ಇದು ಹೊಸದೇನಲ್ಲ. 1954ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಹಂಗೆರಿ ತಂಡ ಗುಂಪಿನ ಪಂದ್ಯದಲ್ಲಿ ಪಶ್ಚಿಮ ಜರ್ಮನಿಯನ್ನು 8-3ರಿಂದ ಬಡಿದಿತ್ತು. ಫೈನಲ್‌ನಲ್ಲಿ ಅದೇ ಜರ್ಮನಿಯ ಎದುರು 3-2ರಿಂದ ಸೋತಿತು. ಇವತ್ತಿಗೂ ಆ ಹಂಗೆರಿ ತಂಡವನ್ನೂ ಪುಸ್ಕಾಸ್‌ನನ್ನೂ ಫುಟ್‌ಬಾಲ್ ಬಲ್ಲವರು ಮರೆತಿಲ್ಲ.

ಆದರೆ ಒಟ್ಟು ಗೆಲುವಿನ ಲೆಕ್ಕವೂ ಸೀದಾ ಲೆಕ್ಕವಲ್ಲ. ಬ್ಯಾಂಕಿನಲ್ಲಿ ಹೊಸ ಶಾಖೆಯ ಠೇವಣಿಯನ್ನು ಹಳೇ ಶಾಖೆಯ ಠೇವಣಿಗೆ ಹೋಲಿಸಿದರೆ ಯಾರಾದರೂ ನಗುತ್ತಾರೆ. ಚೆನ್ನೈ ಮತ್ತು ರಾಜಸ್ಥಾನ 2016, 2017ರಲ್ಲಿ ಐಪಿಎಲ್ ಆಡಲೇ ಇಲ್ಲ, ಆರ್‌ಸಿಬಿ ಒಂದು ವರ್ಷವೂ ತಪ್ಪಿಸಲಿಲ್ಲ. ಬರೀ ಒಟ್ಟು ಗೆಲುವು ಕೂಡಿಸಿದರೆ ಹೆಚ್ಚು ಆಡಿದವನೇ ದೊಡ್ಡವನಾಗುತ್ತಾನೆ. ನೂರಕ್ಕೆ ಎಷ್ಟು ಗೆದ್ದರು ಎಂದು ನೋಡಬೇಕು. ಯಾರ ಎದುರು ಗೆದ್ದರು ಎಂದೂ ನೋಡಬೇಕು. ರಣಜಿಯಲ್ಲಿ ಬಹಳ ಕಾಲ ವಲಯವಾರು ಪಂದ್ಯಗಳಿದ್ದವು. ಗಟ್ಟಿ ವಲಯದಲ್ಲಿ ಸಿಕ್ಕ ನಾಲ್ಕು ಗೆಲುವೂ ಜೊಳ್ಳು ವಲಯದ ನಾಲ್ಕು ಗೆಲುವೂ ಒಂದೇ ತೂಕವಲ್ಲ. ಚೆನ್ನೈ, ಮುಂಬೈ ತಲಾ ಐದು ಕಪ್ ಗೆದ್ದಿವೆ. ಒಂದು ಕಪ್ ಅದೃಷ್ಟದಿಂದ ಬರಬಹುದು, ಐದು ಬರುವುದಿಲ್ಲ. ಕಪ್‌ಗಳೇ ಐದಾದರೆ ಅದೂ ದಿನದ ಬಾಕಿಯಂತೆಯೇ ಆಗುತ್ತದೆ.

ಹೀಗೆ ಮನೆಯಲ್ಲಿ ವಾದ ನಡೆಯುತ್ತಲೇ 2025ರ ಜೂನ್ 3 ಬಂತು. ಆ ಸಲ ಆರ್‌ಸಿಬಿ ಹೊರ ಊರಿನ ಲೀಗ್ ಪಂದ್ಯ ಏಳಕ್ಕೆ ಏಳೂ ಗೆದ್ದಿತ್ತು. ಅಹಮದಾಬಾದ್‌ನ ಫೈನಲ್‌ನಲ್ಲಿ ನಮ್ಮದು 190. ಕೃಣಾಲ್ ಪಾಂಡ್ಯ ನಾಲ್ಕು ಓವರಿನಲ್ಲಿ ಬರೀ 17 ರನ್ ಕೊಟ್ಟು ಎರಡು ವಿಕೆಟ್ ತೆಗೆದರು. ಕೊನೆಯ ಓವರಿನಲ್ಲಿ ಪಂಜಾಬ್‌ಗೆ 29 ಬೇಕಿತ್ತು. ಮೊದಲೆರಡು ಚೆಂಡಿಗೆ ರನ್ ಇಲ್ಲ. ಕೊಹ್ಲಿ ಆಗಲೇ ಮೈದಾನದಲ್ಲಿ ಅಳತೊಡಗಿದ್ದರು. ಆಮೇಲೆ ಶಶಾಂಕ್ ಸಿಂಗ್ ಆರು, ನಾಲ್ಕು, ಆರು, ಆರು ಹೊಡೆದರೂ ಪಂಜಾಬ್ 184ಕ್ಕೆ ನಿಂತಿತು. ಅಂತರ ಎಷ್ಟು ಹೇಳಿ? ಆರು ರನ್. ಜೊಹಾನ್ಸ್‌ಬರ್ಗ್‌ನ ಅದೇ ಆರು, ಮೈಸೂರಿನ ಅದೇ ಆರು.

ಊರಲ್ಲಿ ಪಟಾಕಿ. ಮೊಮ್ಮಗ ನನ್ನನ್ನು ಅಪ್ಪಿಕೊಂಡು ಎತ್ತಲು ನೋಡಿದ. ನನ್ನ ಕಣ್ಣೂ ಒದ್ದೆಯಾಗಿತ್ತು, ಸುಳ್ಳೇಕೆ ಹೇಳಲಿ. “ಈಗ ಹೇಳು ಅಜ್ಜಾ, ಕಪ್ ದೊಡ್ಡದೋ, ನಿನ್ನ ದಿನದ ಬಾಕಿ ದೊಡ್ಡದೋ? ಹಿಂದಿಂದೆಲ್ಲಾ ಬಿಡು, ಕಪ್ ಅಂದ್ರ ಕಪ್!” ಎಂದು ಕೂಗಿದ. ಹತ್ತು ತಿಂಗಳ ಹಿಂದೆ ಮೂಲೆ ಹಿಡಿದು ಕುಳಿತಿದ್ದವನು ಇವನೇನಾ ಅನ್ನಿಸಿತು.

ಮರುದಿನ ಬೆಂಗಳೂರಿನಲ್ಲಿ, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಆ ಕಪ್ ನೋಡಲು ಬಂದ ಜನರ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಬಹಳ ಮಂದಿ ಎಳೆಯರು. ಟಿವಿಯಲ್ಲಿ ಆ ಸುದ್ದಿ ಬರುವಾಗ ಮೊಮ್ಮಗ ನನ್ನ ಪಕ್ಕದಲ್ಲೇ ಕುಳಿತಿದ್ದ. ಅಲ್ಲಿ ಬಿದ್ದಿದ್ದ ಚಪ್ಪಲಿಗಳ ರಾಶಿಯನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ಅವನು ತಾನೇ ಎದ್ದು ಟಿವಿ ಆರಿಸಿದ. ಆ ಮೇಲೆ ಎಷ್ಟೋ ದಿನ ನಮ್ಮ ಮನೆಯಲ್ಲಿ ಯಾರೂ ಕಪ್ ಮಾತು ಎತ್ತಲಿಲ್ಲ.

ಜುಲೈನಲ್ಲಿ ಶಾಲೆಯ ಕಬಡ್ಡಿ ಅಭ್ಯಾಸ ಮತ್ತೆ ಶುರುವಾಯಿತು. ಇವನು ಹೋಗುತ್ತಾನೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಒಂದು ಸಂಜೆ ಮೊಣಕಾಲು ತರಚಿಕೊಂಡು, ಅಂಗಿಯ ತುಂಬ ಕೆಮ್ಮಣ್ಣು ಮೆತ್ತಿಕೊಂಡು ಬಂದ. ಅರಿಶಿನ ಹಚ್ಚುತ್ತಾ ಅವನ ಅಜ್ಜಿ ಬೈದಳು. ನನಗೆ ಒಳಗೇ ಹಿಗ್ಗು.

ನನ್ನ ಟ್ರಂಕಿನಲ್ಲಿ ಬ್ಯಾಂಕಿನ ಕಾಲದ ಖಾಲಿ ಡೈರಿಗಳು ಇನ್ನೂ ಇವೆ. ಒಂದನ್ನು ಅವನಿಗೆ ಕೊಟ್ಟು ಗೆರೆ ಹಾಕಿಕೊಟ್ಟೆ. ತಾರೀಕು, ಯಾರ ಎದುರು, ನಮ್ಮ ಪಾಯಿಂಟ್, ಅವರ ಪಾಯಿಂಟ್. ಗೆದ್ದದ್ದು ಎಡಕ್ಕೆ, ಸೋತದ್ದು ಬಲಕ್ಕೆ. ಕಪ್ ಬಂದರೆ ಬರೆಯಲು ಕೊನೆಯ ಪುಟ ಬೇರೆ ಬಿಟ್ಟೆ. ಈ ವರ್ಷದ ಮೊದಲ ಪಂದ್ಯದಿಂದ ಶುರು ಮಾಡು ಎಂದೆ.

ಅವನು ಪೆನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತ. “ಅಜ್ಜಾ, ಹೋದ ವರ್ಷದ್ದೂ ಬರೀಲೇನು?”

“ಬರಿ. ಹಳೇ ಬಾಕಿ ಮುಂದಕ್ಕ ತರದಽ ಹೊಸ ಲೆಜರ್ ಯಾರರ ಶುರು ಮಾಡ್ತಾರೇನು?”

ಮೊದಲ ಪುಟದಲ್ಲಿ ಎಡಕ್ಕೆ ಐದು ಸಾಲು ಬರೆದ. ಬಲಕ್ಕೆ ಒಂದು. ಆ ಒಂದರ ಮುಂದೆ ಎರಡೂ ತಂಡಗಳ ಪಾಯಿಂಟ್ ಬರೆದು, ಅಡಿಗೆರೆ ಹಾಕಿ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ “ಒಂದೇ ಪಾಯಿಂಟ್” ಎಂದು ಸೇರಿಸಿದ.